ಲಿಲಾವಿನಲ್ಲಿ ಹೋದ ನೆಲ

ಉತ್ತರ ಕನ್ನಡ ಜಿಲ್ಲೆಯ ಕರನಿರಾಕರಣೆಯ ವೃತ್ತಾಂತವನ್ನು ಹೇಳುವವರು ಸೆರೆಮನೆ, ಲಾಠಿ, ಮೆರವಣಿಗೆಗಳನ್ನು ವಿಸ್ತಾರವಾಗಿ ವರ್ಣಿಸುವರು. ಲಿಲಾವಿನ ಸಂಗತಿಯು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದು. ಆದರೆ ಅಂಕೋಲೆ, ಸಿದ್ದಾಪುರ ತಾಲೂಕುಗಳ ಒಕ್ಕಲುಮನೆಗಳನ್ನು ಸೆರೆಮನೆಗಿಂತ ಹೆಚ್ಚು ಕಾಲ ಬಾಧಿಸಿದುದು ಈ ಲಿಲಾವೇ. ಸೆರೆಗೆ ಇಷ್ಟು ತಿಂಗಳೆಂಬ ಅವಧಿಯುಂಟು. ಸವಾಲಿನಲ್ಲಿ ಹೋದ ನೆಲಕ್ಕೆ ಅದಿಲ್ಲ.

1862ರಲ್ಲಿ ಈ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ 1879ರ ಮುಂಬಯಿ ಭೂಕಂದಾಯದ ಕಾಯಿದೆಯೇ ಇಲ್ಲಿ ನಡೆಯುತ್ತಿದ್ದಿತು. ತೀರ್ವೆ ಬಾಕಿಯಾದಲ್ಲಿ ನೋಟೀಸು ಕೊಡುವುದು, ಹಂಡೆ ಕೊಪ್ಪರಿಗೆ ದನಕರುಗಳನ್ನು ಜಪ್ತಿಮಾಡುವುದು, ಭೂಮಿಯನ್ನು ಸರಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳುವುದು, ಬಹಿರಂಗ ಲಿಲಾವಿನಲ್ಲಿ ಮಾರುವುದು, ಇವೆಲ್ಲವೂ ಅಧಿಕಾರಿಗಳ ಕೈಯಲ್ಲಿದ್ದ ಉಪಾಯಗಳು. ಲಿಲಾವಿಗೆ ಮೊದಲು ಡಂಗುರ ಸಾರಬೇಕು, ಜಾಹೀರುನಾಮೆಯನ್ನು ಅಂಟಿಸಬೇಕು. ಎಲ್ಲರಿಗಿಂತ ಹೆಚ್ಚು ಕೂಗಿದವನು ಕಾಲುಪಾಲು ಹಣವನ್ನು ಅಲ್ಲಿಯೇ ಕಟ್ಟಬೇಕು. ಕಾಯಿದೆಯು ಎಲ್ಲವನ್ನೂ ಸೂಕ್ಷ್ಮವಾಗಿ ವಿಧಿಸಿದ್ದಿತು. ಸವಾಲು ಕೂಗುವವನು ಬಂದೇ ಬರಬೇಕೆಂದು ಮಾತ್ರ ಯಾವ ಕಾಯಿದೆಯೂ ವಿಧಿಸಲಾರದಷ್ಟೆ!

ಒಕ್ಕಲಿಗರ ಬಲವೆಲ್ಲ ಇದ್ದುದು ಇಲ್ಲಿಯೇ. ನೆರೆಯವನ ಗದ್ದೆಯನ್ನು ಕೊಳ್ಳಲು ಊರವರು ಯಾರೂ ಮುಂದೆ ಬಾರದಿದ್ದರೆ ಲಿಲಾವು ವ್ಯರ್ಥವಾಗುವುದು. ಆದರೆ ಆಸೆಯೂ ಸಣ್ಣದಾಗಿರಲಿಲ್ಲ. ತೀರ್ವೆಯ ಬಾಕಿಯು ಅಲ್ಪ, ನೆಲದ ಬೆಲೆಯು ಬಹಳ. ಪೈಪೋಟಿಯಿಲ್ಲದ ಸವಾಲಿನಲ್ಲಿ ತಲೆಮಾರುಗಳು ಬೆಳೆಸಿದ ತೋಟವೂ ಅಗ್ಗವಾಗಿ ಕೈಸೇರಬಹುದು. ಇತ್ತ ನೆಲ ಕಳೆದುಕೊಂಡವರಿಗೆ ಬಾರ್ಡೋಲಿಯ ನಿದರ್ಶನವು ಕಣ್ಣ ಮುಂದೆ ಇದ್ದಿತು. 1928ರಲ್ಲಿ ಅಲ್ಲಿ ಮಾರಾಟವಾಗಿದ್ದ ಭೂಮಿಗಳು ಒಪ್ಪಂದದ ತರುವಾಯ ಮೂಲ ಖಾತೆದಾರರಿಗೆ ಮರಳಿ ಬಂದಿದ್ದವು.

ಸಿದ್ದಾಪುರ, ಅಂಕೋಲೆ, ಧಾರವಾಡ ಜಿಲ್ಲೆಯ ಹಿರೇಕೆರೂರುಗಳಲ್ಲಿ ಕರನಿರಾಕರಣೆಯು ನಡೆದಿರುವಾಗಲೇ 1931ನೆಯ ಮಾರ್ಚ್ 5ರಂದು ಗಾಂಧೀ-ಇರ್ವಿನ್ ಒಪ್ಪಂದವಾಯಿತು. ಅದರ ಹದಿನೇಳನೆಯ ಕಲಮು ಈ ಮನೆಗಳ ಪಾಲಿಗೆ ಬಹು ಮುಖ್ಯವಾದುದು. ಕಂದಾಯದ ಬಾಕಿಗಾಗಿ ಜಪ್ತಿಯಾಗಿ ಇನ್ನೂ ಸರಕಾರದ ವಶದಲ್ಲಿರುವ ಭೂಮಿಯನ್ನು, ಬಾಕಿದಾರನು ಹಟದಿಂದ ಹಣ ಕೊಡಲಾರನೆಂದು ಕಲೆಕ್ಟರನಿಗೆ ತೋರದಿದ್ದರೆ, ಹಿಂದಿರುಗಿಸತಕ್ಕದ್ದು; ಮೂರನೆಯವರಿಗೆ ಮಾರಿಹೋದ ಭೂಮಿಯ ವ್ಯವಹಾರವನ್ನು ಮಾತ್ರ, ಸರಕಾರದ ಮಟ್ಟಿಗೆ, ಕೊನೆಯದೆಂದು ಎಣಿಸತಕ್ಕದ್ದು. ಇಂಥ ಮಾರಾಟಗಳಲ್ಲಿ ಕೆಲವಾದರೂ ಅನ್ಯಾಯವಾದವುಗಳೆಂದು ಗಾಂಧೀಜಿಯವರು ತಿಳಿಸಿದ್ದನ್ನೂ, ಸರಕಾರವು ಅದನ್ನು ಒಪ್ಪದುದನ್ನೂ ಕಲಮಿನ ಕೆಳಗೆ ಟಿಪ್ಪಣಿಯಾಗಿ ಬರೆದರು. ಹೀಗೆ ಒಂದೇ ಊರಿನಲ್ಲಿ, ಒಂದೇ ಕಾರಣಕ್ಕಾಗಿ ನೆಲ ಬಿಟ್ಟ ಇಬ್ಬರಲ್ಲಿ, ಯಾರ ಗದ್ದೆಗೆ ಗಿರಾಕಿ ಬಂದಿರಲಿಲ್ಲವೋ ಅವನಿಗೆ ಅದು ಮರಳುವಂತಾಯಿತು. ಗಿರಾಕಿ ಬಂದವನದು ಹೋಯಿತು. ಸರಕಾರಕ್ಕಿಂತ ನೆರೆಯವನೇ ಹೆಚ್ಚಿನ ವೈರಿಯಾಗಿ ಕಂಡುದರಲ್ಲಿ ಆಶ್ಚರ್ಯವೇನಿದೆ?

1932ರಲ್ಲಿ ಚಳುವಳಿಯು ಮತ್ತೆ ಆರಂಭವಾದಾಗ ಈ ಅನುಭವವು ಮರೆತಿರಲಿಲ್ಲ. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಕಚೇರಿಗೆ ಹೋಗಲಿಲ್ಲ. ಜಪ್ತಿಯ ಆಸ್ತಿಯನ್ನು ಕೊಂಡವರ ಮನೆಯ ಮುಂದೆಯೇ ಉಪವಾಸ ಕುಳಿತರು. ಮನೆಯಂಗಳದಲ್ಲಿ ಹೆಣ್ಣುಮಕ್ಕಳು ಅನ್ನ ನೀರು ಬಿಟ್ಟು ಕುಳಿತಿರುವಾಗ ಒಳಗೆ ಎಲೆಹಾಕಿ ಉಣ್ಣುವುದು ಮಲೆನಾಡಿನ ಗೃಹಸ್ಥನಿಗೆ ಸುಲಭವಲ್ಲ. ಕ್ರಯಪತ್ರವು ಕಾಯಿದೆಗೆ ಸರಿಯಾಗಿದೆಯೆಂಬ ಉತ್ತರವು ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ.

1937ರಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಮುಂಬಯಿಯಲ್ಲಿ ಅಧಿಕಾರ ವಹಿಸಿತು. ಒಪ್ಪಂದದಲ್ಲಿ ‘ಕೊನೆಯದು’ ಎಂದಿದ್ದುದನ್ನು ಬಿಡಿಸಲು ಹೊಸ ಕಾಯಿದೆಯೇ ಬೇಕಾಯಿತು. 1938ರಲ್ಲಿ ಆದ ಆ ಕಾಯಿದೆಯಂತೆ ಸರಕಾರವು ಕೊಂಡವರಿಗೆ ಪರಿಹಾರವನ್ನು ತೆತ್ತು ನೆಲವನ್ನು ಹಿಂದಕ್ಕೆ ಪಡೆದು ಮೊದಲಿನ ಒಡೆಯರಿಗೆ ಒಪ್ಪಿಸುವ ವ್ಯವಸ್ಥೆಯಾಯಿತು. ಗದ್ದೆಯಾದರೆ ಮರುವರುಷವೇ ಉತ್ತು ಬಿತ್ತಬಹುದು. ಅಡಕೆಯ ತೋಟದ ಮಾತು ಬೇರೆ. ವರುಷ ವರುಷವೂ ಬೆಟ್ಟದ ಸೊಪ್ಪು ಗೊಬ್ಬರ ಬೀಳದೆ, ಮಳೆಗಾಲದ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟದೆ, ಕೊಳೆರೋಗಕ್ಕೆ ಬಿಟ್ಟ ಮರಗಳನ್ನು ಕಡಿದು ಸಸಿ ನೆಟ್ಟರೆ, ಫಲ ಕಾಣಲು ಮತ್ತೆ ಆರೇಳು ವರುಷ ಕಾಯಬೇಕು.