ಬಕಾಸುರನೂ ಚಿನ್ನದ ಗಣಿಯೂ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲು ಕೋಲಾರದ ಚಿನ್ನದ ಗಣಿಗಳ ನಡುವೆ ಸಾಗುವುದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಬೆಳೆದ ಆ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು. ಪಾಳುಬಿದ್ದ ಇಂತಹ ಸ್ಥಳಗಳೆಂದರೆ ದೂರದರ್ಶನ ವಾಹಿನಿಗಳ ಭೂತಕಥೆಗಳಿಗೆ ಬಲು ಪ್ರೀತಿ.

ನೆಲದಡಿಯಲ್ಲಿ ಗುಡುಗಿದಂತಾಗಿ ಮನೆಗಳು ನಡುಗುತ್ತಿದ್ದುದೇನೋ ನಿಜ. ಆದರೆ ಅದು ಭೂತಚೇಷ್ಟೆಯಲ್ಲ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಆಳವಾದುದು. ಅದುರನ್ನು ತೆಗೆದು ಪೊಳ್ಳಾದೆಡೆ, ಮೇಲಣ ಭಾರವನ್ನು ತಾಳಲಾರದೆ ಬಂಡೆ ಸಿಡಿಯುತ್ತಿತ್ತು. ಕೆಳಗಿದ್ದ ಕಾರ್ಮಿಕರು ಮಡಿಯುತ್ತಿದ್ದರು.

ನರಭಕ್ಷಕನ ಕಥೆಯು ನಮ್ಮ ಸೀಮೆಗೆ ಹೊಸದಲ್ಲ. ಹಿಂದೆ ಕೋಲಾರ ಜಿಲ್ಲೆಯಲ್ಲಿದ್ದು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಕೈವಾರವೇ ಭಾರತದ ಏಕಚಕ್ರನಗರವೆಂದೂ, ಭೀಮನು ಬಕಾಸುರನನ್ನು ಅಲ್ಲಿಯೇ ವಧಿಸಿದನೆಂದೂ ಐತಿಹ್ಯವುಂಟು. ವ್ಯಾಸರು ರಾಕ್ಷಸನನ್ನು ವರ್ಣಿಸುವುದಕ್ಕೆ ಮುನ್ನ, ಸರದಿ ಬಂದ ಬ್ರಾಹ್ಮಣನ ಮನೆಯ ದುಃಖವನ್ನು ವಿಸ್ತಾರವಾಗಿ ಹೇಳುತ್ತಾರೆ. ತಂದೆ, ತಾಯಿ, ಮಗಳು ಒಬ್ಬೊಬ್ಬರೂ ‘ನಾನೇ ಹೋಗುವೆನು’ ಎನ್ನುವರು. ತೊದಲು ನುಡಿಯ ಶಿಶುವು ಹುಲ್ಲುಕಡ್ಡಿಯನ್ನು ಹಿಡಿದು ‘ಇದರಿಂದಲೇ ರಾಕ್ಷಸನನ್ನು ಕೊಲ್ಲುವೆನು’ ಎನ್ನುವುದು.

ಗಣಿಯ ಭೂತಕಥೆಗಳಲ್ಲಿ ಕಾಣದಿರುವುದು ಈ ಮನೆಯೇ. ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ಸಾವಿರಾರು ಕುಟುಂಬಗಳಲ್ಲಿ, ಗಣಿಗಿಳಿದವನು ಮೇಲೆ ಬರುವವರೆಗೂ ಮನೆಯವರಿಗೆ ನೆಮ್ಮದಿಯಿರಲಿಲ್ಲ. ಗಣಿಗಿಳಿದಿದ್ದವರು ಈಗ ವೃದ್ಧರಾಗಿದ್ದಾರೆ. ದೆವ್ವವನ್ನು ಹುಡುಕುವವರು ಮೊದಲು ಅವರ ಮನೆಗೆ ಹೋಗಿ, ಹಿಂತಿರುಗದವರ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ನಮ್ಮ ಚರಿತ್ರೆಗೆ ಬೇಕಾದುದು ಅದೇ.