ಮಾಲಿಲ್ಲದ ಕಳವು

ಕಳ್ಳತನವೆಂದರೆ ಏನೆಂದು ಯಾರನ್ನು ಕೇಳಿದರೂ ಹೇಳಿಯಾರು. ಒಬ್ಬನ ವಸ್ತು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬನ ಕೈಸೇರಬೇಕು. ಮೊದಲಿನವನ ಬಳಿ ಅದು ಇಲ್ಲವಾಗಬೇಕು. ಕಳ್ಳ ಸಿಕ್ಕಿಬಿದ್ದನೆಂಬ ಸುದ್ದಿ ಬಂದರೆ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, ‘ಮಾಲು ಸಿಕ್ಕಿತೆ?’ ಎಂಬುದು. ನ್ಯಾಯಶಾಸ್ತ್ರವೂ ಶತಮಾನಗಳ ಕಾಲ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಕೇಳುತ್ತ ಬಂದಿತು. ಮಾಲೂ ಇಲ್ಲದ, ಯಾರ ಬಳಿಯಿಂದಲೂ ಏನೂ ಕಾಣೆಯಾಗದ ಒಂದು ಬಗೆಯ ಕಳವನ್ನು ಗಣಕಯಂತ್ರವು ಜಗತ್ತಿಗೆ ತಂದಾಗ ಶಾಸನಕ್ಕೆ ಮಾತೇ ಹೊರಡದಂತಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳು ಆ ಮಾತನ್ನು ಹುಡುಕಿಕೊಂಡ ಬಗೆಯನ್ನು ಹೇಳುವುದು ಈ ಭಾಷಣದ ಉದ್ದೇಶ.

1977ರ ಮಾರ್ಚ್ ತಿಂಗಳಲ್ಲಿ ವರ್ಜೀನಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಮೊಕದ್ದಮೆಯೊಂದರಿಂದ ಆರಂಭಿಸುತ್ತೇನೆ. ಆರೋಪಿ ದರೋಡೆಕೋರನಲ್ಲ, ವರ್ಜೀನಿಯಾ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗೆ ಪ್ರಬಂಧ ಸಿದ್ಧಪಡಿಸುತ್ತಿದ್ದ ವಿದ್ಯಾರ್ಥಿ. ಪ್ರಬಂಧದ ಲೆಕ್ಕಾಚಾರಕ್ಕೆ ಗಣಕಯಂತ್ರ ಬೇಕೇಬೇಕಾಗಿತ್ತು. ಅಲ್ಲಿ ಪ್ರತಿ ವಿಭಾಗಕ್ಕೂ ಯಂತ್ರದ ವೇಳೆಯನ್ನು ಹಂಚಿಕೊಟ್ಟು, ಬಳಸಿದಷ್ಟನ್ನು ಆ ವಿಭಾಗದ ಖಾತೆಯಲ್ಲಿ ಖರ್ಚು ಬರೆಯುವ ಪದ್ಧತಿ. ಈ ವಿದ್ಯಾರ್ಥಿಗೆ ಖಾತೆ ಮಾಡಿಸಿಕೊಡಬೇಕಾಗಿದ್ದ ಮಾರ್ಗದರ್ಶಕರು ಅದನ್ನು ಮಾಡಿಸಿರಲಿಲ್ಲ. ಇವನು ಬೇರೆಯವರ ಖಾತೆಗಳ ಮೇಲೆ ಕೆಲಸ ಮಾಡಿಕೊಂಡ. ತಮ್ಮ ಲೆಕ್ಕದಲ್ಲಿ ತಾವು ಮಾಡದ ಖರ್ಚು ಕಂಡುಬಂದಾಗ ಇತರ ವಿಭಾಗಗಳವರು ದೂರು ಕೊಟ್ಟರು; ವಿಚಾರಣೆ ನಡೆದು, ರಂಧ್ರ ಕೊರೆದ ಕಾರ್ಡುಗಳೂ ಮುದ್ರಿತ ಹಾಳೆಗಳೂ ಅವನ ಬಳಿ ದೊರೆತವು. ಬಳಸಿದ ವೇಳೆಯ ಬೆಲೆ 26,384 ಡಾಲರುಗಳಷ್ಟೂ ಆಗಬಹುದೆಂದು ಲೆಕ್ಕ ಹಾಕಲಾಯಿತು. ಭಾರೀ ಕಳವಿನ ಅಪರಾಧಿ ಎಂದು ಎರಡು ವರ್ಷಗಳ ಸೆರೆವಾಸ ವಿಧಿಸಿದ ಕೆಳಗಿನ ನ್ಯಾಯಾಲಯ, ಅದನ್ನು ಅಮಾನತಿನಲ್ಲಿಟ್ಟು, ಐದು ವರ್ಷ ಅವನ ನಡತೆಯ ಮೇಲೆ ಕಣ್ಣಿಡುವಂತೆ ಆದೇಶಿಸಿತು. ಕೇಳಿದ್ದರೆ ಅವನಿಗೆ ಯಂತ್ರದ ವೇಳೆಯನ್ನು ಕೊಡುತ್ತಿದ್ದರೆಂದು ನಾಲ್ವರು ಅಧ್ಯಾಪಕರು ಸಾಕ್ಷ್ಯ ನುಡಿದಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಸರ್ವೋಚ್ಚ ನ್ಯಾಯಾಲಯ ಈ ತೀರ್ಪನ್ನು ರದ್ದುಗೊಳಿಸಿತು. ಅದರ ತರ್ಕ ಸರಳ, ಆದರೆ ಕಟ್ಟುನಿಟ್ಟು. ಕಳವಿನ ಶಾಸನದಲ್ಲಿರುವುದು ‘ಸರಕು ಮತ್ತು ಚರಸ್ವತ್ತು’ ಎಂಬ ಮಾತು. ಕಳವಾಗಬೇಕಾದರೆ ವಸ್ತುವನ್ನು ಎತ್ತಿಕೊಳ್ಳಬೇಕು, ಸಾಗಿಸಬೇಕು. ಯಂತ್ರದ ವೇಳೆಯನ್ನು ಎತ್ತಿಕೊಂಡು ಹೋಗುವುದೆಂತು? ಶಾಸನದಲ್ಲಿ ‘ಬಳಕೆ’ ಎಂಬ ಪದವೇ ಇಲ್ಲ. ಇನ್ನು ಕೈಗೆ ಸಿಗುವ ವಸ್ತುಗಳೆಂದರೆ ಆ ಕಾರ್ಡುಗಳು, ಹಾಳೆಗಳು. ಅವುಗಳಿಗೆ ರದ್ದಿ ಕಾಗದದ ಬೆಲೆ ಮಾತ್ರ. ದಂಡಶಾಸನದ ಮಾತುಗಳನ್ನು ಹಿಗ್ಗಿಸಿ ಅರ್ಥಮಾಡಬಾರದೆಂಬ ಹಳೆಯ ನಿಯಮವನ್ನು ಹಿಡಿದು ನ್ಯಾಯಮೂರ್ತಿಗಳು ಆ ವಿದ್ಯಾರ್ಥಿಯನ್ನು ಕಳವಿನ ಆರೋಪದಿಂದ ಬಿಡಿಸಿದರು.

ಆ ತೀರ್ಪನ್ನು ಬಹಳ ಮಂದಿ ಕುಚೋದ್ಯ ಮಾಡಿದ್ದುಂಟು: ಕಾಲ ಬದಲಾದರೂ ನ್ಯಾಯಾಲಯ ಗಾಡಿಯ ಕಾಲದಲ್ಲಿಯೇ ಉಳಿದಿದೆ ಎಂದು. ನನಗೆ ಹಾಗೆ ತೋರುವುದಿಲ್ಲ. ಮನುಷ್ಯನೊಬ್ಬನನ್ನು ಸೆರೆಗೆ ಕಳುಹಿಸುವ ಮಾತು ಮೊದಲು ಶಾಸನದಲ್ಲಿ ಬರೆದಿರಬೇಕು, ಅನಂತರ ಅವನ ಕೃತ್ಯ ನಡೆದಿರಬೇಕು. ಈ ಅನುಕ್ರಮವನ್ನು ತಲೆಕೆಳಗು ಮಾಡುವ ಅಧಿಕಾರ ನ್ಯಾಯಾಧೀಶನಿಗಿಲ್ಲ. ಕೊಟ್ಟರೆ ಅದು ವಿದ್ಯಾರ್ಥಿಯ ಮೇಲೆ ಮಾತ್ರ ನಿಲ್ಲುವುದಿಲ್ಲ.

ವರ್ಜೀನಿಯಾಕ್ಕಿಂತ ಮೊದಲೇ ಬೇರೆ ರಾಜ್ಯಗಳ ನ್ಯಾಯಾಲಯಗಳೂ ಈ ತೊಡಕನ್ನು ಎದುರಿಸಿದ್ದವು. ಟೆಕ್ಸಾಸಿನಲ್ಲಿ ಕಂಪನಿಯೊಂದರ ನೌಕರ 59 ಗಣಕ ಕ್ರಮವಿಧಿಗಳನ್ನು ಅಪಹರಿಸಿ ತೈಲ ಕಂಪನಿಯೊಂದಕ್ಕೆ ಮಾರಲು ಹೊರಟಿದ್ದ. ತಾನು ಒಯ್ದದ್ದು ಬರಿಯ ಕಾಗದ, ಅದರ ಬೆಲೆ ಶಾಸನ ಹೇಳುವ 50 ಡಾಲರನ್ನೂ ಮುಟ್ಟದು ಎಂಬುದು ಅವನ ವಾದ. 1966ರಲ್ಲಿ ನ್ಯಾಯಾಲಯ ಇದಕ್ಕೆ ಸೊಪ್ಪು ಹಾಕಲಿಲ್ಲ. ಕಾಗದದ ಮೇಲಿನ ಬರಹಕ್ಕೂ ಬೆಲೆಯುಂಟೆಂದು ಐದು ವರ್ಷಗಳ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲಿ 1972ರಲ್ಲಿ ನಡೆದ ಮೊಕದ್ದಮೆ ಇನ್ನೂ ಸ್ವಾರಸ್ಯದ್ದು. ಒಬ್ಬ ನೌಕರ ತನ್ನ ಕಚೇರಿಯಲ್ಲಿಯೇ ಕುಳಿತು, ದೂರವಾಣಿ ತಂತಿಯ ಮೂಲಕ ಪ್ರತಿಸ್ಪರ್ಧಿ ಕಂಪನಿಯ ಯಂತ್ರದಿಂದ ಕ್ರಮವಿಧಿಯೊಂದನ್ನು ಸೆಳೆದುಕೊಂಡ. ತಂತಿಯಲ್ಲಿ ಹರಿದ ವಿದ್ಯುತ್ ಸ್ಪಂದನ ‘ವಸ್ತು’ವಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ಪುಣ್ಯಾತ್ಮ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದ! ಕಾಗದ ಅವನನ್ನು ಹಿಡಿದುಕೊಟ್ಟಿತು. ಕದ್ದದ್ದನ್ನು ಅಚ್ಚು ಹಾಕದೆ ಯಂತ್ರದಲ್ಲಿಯೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಶಾಸಕರಿಗೆ ಉಳಿಯಿತು.

ಅಮೆರಿಕದಲ್ಲಿ ಅಪರಾಧಗಳನ್ನು ನಿರೂಪಿಸಿ ದಂಡಿಸುವುದು ಬಹುಮಟ್ಟಿಗೆ ರಾಜ್ಯಗಳ ಕೆಲಸ. ಸೆನೆಟರ್ ಅಬ್ರಹಾಂ ರಿಬಿಕಾಫ್ 1977ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಸೂದೆಯೊಂದನ್ನು ಮಂಡಿಸಿದರಾದರೂ ಅದು ಅಂಗೀಕಾರವಾಗಲಿಲ್ಲ. ಒಕ್ಕೂಟದ ಮೊದಲ ಶಾಸನಕ್ಕೆ 1984ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಫ್ಲಾರಿಡಾ ಮುಂದಡಿಯಿಟ್ಟಿತ್ತು. ಅದಕ್ಕೆ ಪ್ರೇರಣೆ ನಾಯಿಗಳ ಓಟ. ಮಯಾಮಿಯ ಫ್ಲ್ಯಾಗ್ಲರ್ ಓಟದ ಮೈದಾನದಲ್ಲಿ ಬಾಜಿಯ ಲೆಕ್ಕವಿಡುತ್ತಿದ್ದ ಗಣಕಯಂತ್ರವನ್ನು ಬಳಸಿಕೊಂಡು ಅಲ್ಲಿಯ ಕೆಲವು ನೌಕರರು ಗೆದ್ದ ಟಿಕೇಟುಗಳನ್ನು ಸುಳ್ಳಾಗಿ ಸೃಷ್ಟಿಸುತ್ತಿದ್ದುದು 1977ರಲ್ಲಿ ಬಯಲಾಯಿತು. ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆನ್ನುವಂತೆ, 1978ರಲ್ಲಿ ಗಣಕಯಂತ್ರದ ಅಪರಾಧಗಳಿಗೆಂದೇ ಮೀಸಲಾದ ಶಾಸನವನ್ನು ಆ ರಾಜ್ಯ ಮಾಡಿತು. ಕ್ರಮವಿಧಿ ಹಾಗೂ ಮಾಹಿತಿ, ಯಂತ್ರ ಹಾಗೂ ಅದರ ಸಾಮಗ್ರಿ, ಯಂತ್ರವನ್ನು ಬಳಸುವವರ ಹಕ್ಕು ಎಂದು ಅದು ಅಪರಾಧಗಳನ್ನು ಮೂರಾಗಿ ವಿಂಗಡಿಸಿತು. ಅದೇ ವರ್ಷ ಅರಿಜೋನಾ, ಮರುವರ್ಷ ಕ್ಯಾಲಿಫೋರ್ನಿಯಾ ಶಾಸನ ಮಾಡಿದವು. ವರ್ಜೀನಿಯಾವೂ 1978ರಲ್ಲಿ, ಯಂತ್ರದ ವೇಳೆ ಮತ್ತು ಸೇವೆ ಸ್ವತ್ತೇ ಹೌದೆಂದು ಶಾಸನದಲ್ಲಿ ಬರೆದುಕೊಂಡಿತು. ನ್ಯಾಯಾಲಯ ಮಾಡಲೊಲ್ಲದ ಕೆಲಸವನ್ನು, ಮಾಡಬೇಕಾದವರೇ ಮಾಡಿದಂತಾಯಿತು.

ಶಾಸನವಿಲ್ಲದ ರಾಜ್ಯಗಳಲ್ಲಿ ಹಳೆಯ ಗೊಂದಲ ಮುಂದುವರಿದಿತ್ತು. ಇಂಡಿಯಾನಾಪೊಲಿಸ್ ನಗರಾಡಳಿತದ ನೌಕರನೊಬ್ಬ ಮೈ ತೆಳ್ಳಗಾಗಿಸುವ ಆಹಾರವಸ್ತುವೊಂದರ ಖಾಸಗಿ ವ್ಯಾಪಾರ ನಡೆಸುತ್ತ, ಗಿರಾಕಿಗಳ ಪಟ್ಟಿಯನ್ನು ನಗರದ ಗಣಕಯಂತ್ರದಲ್ಲಿಯೇ ಇಟ್ಟಿದ್ದ. ಕೆಲಸ ಹೋದ ಮೇಲೆ, ಆ ಪಟ್ಟಿಯನ್ನು ಅಚ್ಚು ಹಾಕಿಕೊಟ್ಟು ಯಂತ್ರದಿಂದ ಅಳಿಸಿಬಿಡು ಎಂದು ಹಳೆಯ ಸಹೋದ್ಯೋಗಿಯನ್ನು ಕೇಳಿಕೊಂಡ. ಅದು ಮೇಲಧಿಕಾರಿಯ ಮೇಜು ಸೇರಿತು. ನಗರವು ಯಂತ್ರಕ್ಕೆ ಕೊಡುತ್ತಿದ್ದುದು ನಿಗದಿಯಾದ ಬಾಡಿಗೆ. ಇವನ ಪಟ್ಟಿಯಿಂದ ಅದಕ್ಕೆ ಬಿಡಿಕಾಸಿನ ಹೆಚ್ಚುವರಿ ಖರ್ಚೂ ಬಿದ್ದಿರಲಿಲ್ಲ. ಕಚೇರಿಯ ಖಾಲಿ ಕಪಾಟಿನಲ್ಲಿ ಸ್ವಂತದ ಸಾಮಾನು ಇಟ್ಟಂತೆ ಇದು ಎಂದು 1985ರಲ್ಲಿ ಇಂಡಿಯಾನಾದ ಸರ್ವೋಚ್ಚ ನ್ಯಾಯಾಲಯ ಕಳವಿನ ಆರೋಪವನ್ನು ತಳ್ಳಿಹಾಕಿತು. ಯಂತ್ರದ ಬಳಕೆಯೇ ಒಂದು ಸ್ವತ್ತೆಂದು ಭಿನ್ನಮತ ಬರೆದ ನ್ಯಾಯಮೂರ್ತಿಯೂ ಅಲ್ಲಿದ್ದರು. ಮರುವರ್ಷವೇ ಆ ರಾಜ್ಯ ಗಣಕಯಂತ್ರದ ಅತಿಕ್ರಮಣವನ್ನು ಪ್ರತ್ಯೇಕ ಅಪರಾಧವಾಗಿಸಿತು. ಅದೇ 1986ರಲ್ಲಿ ನ್ಯೂಯಾರ್ಕ್ ಮಾಡಿದ ಶಾಸನದಲ್ಲಿ ನನಗೆ ಮೆಚ್ಚುಗೆಯಾದ ಅಂಶವೊಂದಿತ್ತು: ಅನಧಿಕೃತ ಬಳಕೆ ಅಪರಾಧವಾಗಬೇಕಾದರೆ, ಅಂಥ ಬಳಕೆಯನ್ನು ತಡೆಯುವ ಸಂಕೇತ ವ್ಯವಸ್ಥೆಯೋ ಸಾಧನವೋ ಆ ಯಂತ್ರದಲ್ಲಿ ಆಗ ಇರಬೇಕಾಗಿತ್ತು. ಬೀಗ ಹಾಕುವ ಹೊಣೆ ಮನೆಯವನದು ಎಂದಂತೆ.

ಎಲ್ಲ ರಾಜ್ಯಗಳೂ ಇಷ್ಟು ಎಚ್ಚರ ವಹಿಸಲಿಲ್ಲ. ಫ್ಲಾರಿಡಾದ ಶಾಸನ ‘ಪ್ರವೇಶ’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಯಂತ್ರವನ್ನು ಸಮೀಪಿಸುವುದು, ಅದಕ್ಕೆ ಆಜ್ಞೆ ಕೊಡುವುದು, ಅದರೊಡನೆ ಸಂಪರ್ಕಿಸುವುದು, ಮಾಹಿತಿಯನ್ನು ಇಡುವುದು, ತೆಗೆಯುವುದು ಎಲ್ಲವೂ ಸೇರಿದ್ದವು. ಇತರ ರಾಜ್ಯಗಳೂ ಇಂಥ ವ್ಯಾಖ್ಯೆಯನ್ನೇ ಇಟ್ಟುಕೊಂಡವು. ವಸ್ತುವಿನ ಇಕ್ಕಟ್ಟಿನಿಂದ ಪಾರಾಗಲು ಹೋಗಿ ಶಾಸಕರು ಬಾಗಿಲನ್ನು ತೀರ ಅಗಲವಾಗಿ ತೆರೆದಿದ್ದರು. ಕಾನ್ಸಾಸ್ ರಾಜ್ಯದಲ್ಲಿ ಒಬ್ಬ ತರುಣ ದೂರವಾಣಿ ಕಂಪನಿಯ ಯಂತ್ರಗಳ ಸಂಖ್ಯೆಗಳಿಗೆ ತನ್ನ ಮನೆಯ ಯಂತ್ರದಿಂದ ಮತ್ತೆ ಮತ್ತೆ ಕರೆ ಮಾಡಿದ. ಸಂಕೇತಪದ ಕೇಳುವ ಹಂತವನ್ನು ದಾಟಿ ಅವನು ಒಳಹೊಕ್ಕನೆಂಬುದಕ್ಕೆ ಆಧಾರವಿರಲಿಲ್ಲ. ಹೆದರಿದ ಕಂಪನಿ ತನ್ನ ಭದ್ರತೆಯನ್ನು ಬಿಗಿಗೊಳಿಸಿ, ಅದರ ಖರ್ಚನ್ನು ಇವನು ಮಾಡಿದ ಹಾನಿಯೆಂದು ತೋರಿಸಿತು. 1996ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ‘ಸಮೀಪಿಸುವುದು’ ಎಂಬುದನ್ನು ಅಕ್ಷರಶಃ ಹಿಡಿದರೆ ಯಂತ್ರದ ಹತ್ತಿರ ಸುಳಿದವನೂ ಅಪರಾಧಿಯಾಗಬೇಕಾಗುತ್ತದೆ! ಬಾಗಿಲು ತಟ್ಟುವುದು ಬೇರೆ, ಒಳನುಗ್ಗುವುದು ಬೇರೆ. ಹೀಗೆ, ವರ್ಜೀನಿಯಾದಲ್ಲಿ ಶಾಸನದ ಮಾತು ಕಡಮೆಯಾಯಿತೆಂದು ಆರೋಪಿ ಬಿಡುಗಡೆಯಾದರೆ, ಹತ್ತೊಂಬತ್ತು ವರ್ಷಗಳ ಅನಂತರ ಕಾನ್ಸಾಸಿನಲ್ಲಿ ಅದರ ಮಾತು ಅತಿಯಾಯಿತೆಂದು ನ್ಯಾಯಾಲಯವೇ ಅದಕ್ಕೆ ಕಡಿವಾಣ ಹಾಕಬೇಕಾಯಿತು. ಎಲ್ಲರಿಗಿಂತ ತಡವಾಗಿ, 1999ರಲ್ಲಿ, ವರ್ಮಾಂಟ್ ರಾಜ್ಯವೂ ಶಾಸನ ಮಾಡಿತು.

ಈ ತೊಡಕು ನಮ್ಮ ದೇಶಕ್ಕೂ ಹೊಸದಲ್ಲ. 1860ರ ಭಾರತೀಯ ದಂಡ ಸಂಹಿತೆ ಚರಸ್ವತ್ತು ಎಂದರೆ ಮೂರ್ತರೂಪದ ಸ್ವತ್ತು ಎಂದು ಹೇಳಿತ್ತು. ವಿದ್ಯುಚ್ಛಕ್ತಿಯನ್ನು ಕದ್ದವನೊಬ್ಬನ ಮೊಕದ್ದಮೆ ಭಾರತದ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದು, ವಿದ್ಯುತ್ತು ಚರಸ್ವತ್ತಲ್ಲ, ಆದ್ದರಿಂದ ಅದರ ಅಪಹರಣ ದಂಡ ಸಂಹಿತೆಯ ಕಳವಲ್ಲ, ವಿದ್ಯುತ್ ಶಾಸನದ ಬಲದಿಂದ ಮಾತ್ರ ಅಪರಾಧ ಎಂದು 1964ರಲ್ಲಿ ತೀರ್ಮಾನವಾಗಿತ್ತು. ಗಣಕಯಂತ್ರದ ವಿಷಯಕ್ಕೆ ನಮ್ಮಲ್ಲಿ ರಾಜ್ಯಗಳ ಬದಲು ಸಂಸತ್ತೇ 2000ದಲ್ಲಿ ಮಾಹಿತಿ ತಂತ್ರಜ್ಞಾನ ಅಧಿನಿಯಮವನ್ನು ಮಾಡಿತು. ಅದರ ‘ಪ್ರವೇಶ’ದ ವ್ಯಾಖ್ಯೆಯಲ್ಲಿ ಒಳಹೋಗುವುದು, ಆಜ್ಞೆ ಕೊಡುವುದು, ಸಂಪರ್ಕಿಸುವುದು ಇವೆ, ‘ಸಮೀಪಿಸುವುದು’ ಮಾತ್ರ ಇಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಚರಸ್ವತ್ತಿನ ವ್ಯಾಖ್ಯೆಯಿಂದ ‘ಮೂರ್ತರೂಪದ’ ಎಂಬ ವಿಶೇಷಣವನ್ನು ಕೈಬಿಟ್ಟಿದ್ದಾರೆ.