ನಡುಗುವ ದನಿಗೆ ತಾಲೀಮು: ಮಕ್ಕಳ ಸಭಾಕಂಪನ ಮತ್ತು ಪರಿಹಾರ

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯ ಮೈಕಿನ ಮುಂದೆ ನಿಂತ ಕೂಡಲೇ ತಲೆ ತಗ್ಗಿಸುತ್ತದೆ. ಗಂಟಲು ಒಣಗುತ್ತದೆ, ವಾರವಿಡೀ ಬಾಯಿಪಾಠ ಮಾಡಿದ ಭಾಷಣದ ಎರಡನೇ ಸಾಲು ಎಲ್ಲೋ ಮಾಯವಾಗುತ್ತದೆ. ಇದಕ್ಕೆ ಕನ್ನಡದಲ್ಲಿ ಸಭಾಕಂಪನ ಎಂಬ ಹೆಸರಿದೆ. ಇದು ದಡ್ಡತನವೂ ಅಲ್ಲ, ಹೇಡಿತನವೂ ಅಲ್ಲ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶಾಲೆಗಳನ್ನು ಎದುರಿಗಿಟ್ಟುಕೊಂಡು ಇದರ ಕಾರಣ ಮತ್ತು ಪರಿಹಾರವನ್ನು ಇಲ್ಲಿ ವಿವರಿಸಲಾಗಿದೆ.

ದೇಹದಲ್ಲಿ ಏನಾಗುತ್ತದೆ?

ಹತ್ತಾರು ಕಣ್ಣುಗಳು ಒಟ್ಟಿಗೆ ತನ್ನನ್ನು ನೋಡಿದಾಗ ಮಿದುಳು ಅದನ್ನು ಅಪಾಯವೆಂದು ಎಣಿಸುತ್ತದೆ. ಅಡ್ರಿನಲಿನ್ ಸ್ರವಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಉಸಿರು ಮೇಲುಮೇಲಕ್ಕೆ ಬಂದು ದನಿ ನಡುಗುತ್ತದೆ. ಒತ್ತಡವನ್ನು ಅಧ್ಯಯನ ಮಾಡಲು ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಪ್ರಕಟಿಸಿದ ಹೆಸರಾಂತ ಪರೀಕ್ಷೆಯಲ್ಲೂ ಜನರ ಮುಂದೆ ಮಾತಾಡಿಸುವುದೇ ಒಂದು ಮುಖ್ಯ ಭಾಗ. ದೊಡ್ಡವರ ಮೈಯನ್ನೇ ಅದು ಅಷ್ಟು ಅಲುಗಿಸುವುದಾದರೆ ಮಗು ನಡುಗುವುದರಲ್ಲಿ ಆಶ್ಚರ್ಯವಿಲ್ಲ.

ತೀರಾ ಚಿಕ್ಕ ಮಕ್ಕಳಿಗೆ ಈ ಅಳುಕು ಕಡಿಮೆ. ಏಳೆಂಟು ವರ್ಷದ ಹೊತ್ತಿಗೆ ತನ್ನನ್ನು ಇತರರೊಂದಿಗೆ ಹೋಲಿಸಿಕೊಳ್ಳುವುದು ಬಲಿಯುತ್ತದೆ. ಹರೆಯದಲ್ಲಿ ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬ ಭಾವ ಹೆಚ್ಚುತ್ತದೆ. ಒಂದನೇ ತರಗತಿಯಲ್ಲಿ ಕುಣಿದಾಡುತ್ತ ಅಭಿನಯ ಗೀತೆ ಹೇಳಿದ ಮಗು ಎಂಟನೇ ತರಗತಿಗೆ ಬರುವಷ್ಟರಲ್ಲಿ ಮೌನವಾಗುವುದು ಹೀಗೆ.

ಹಳ್ಳಿಯ ನುಡಿ, ವೇದಿಕೆಯ ನುಡಿ

ಈ ಸೀಮೆಯ ಮಕ್ಕಳಿಗೆ ಇನ್ನೊಂದು ಭಯವೂ ಇದೆ. ಮನೆಯಲ್ಲಿ ಅವರು ‘ಒಸಿ’, ‘ಬತ್ತೀನಿ’, ‘ಆಲು’, ‘ಅಸು’ ಎನ್ನುತ್ತಾರೆ. ವೇದಿಕೆಯಲ್ಲಿ ‘ಸ್ವಲ್ಪ’, ‘ಬರುತ್ತೇನೆ’, ‘ಹಾಲು’, ‘ಹಸು’ ಎನ್ನಬೇಕು. ಹಕಾರ ತಪ್ಪಿದ ಕ್ಷಣ ಮುಂದಿನ ಸಾಲಿನಿಂದ ಕಿಸಕ್ಕನೆ ನಗು ಬಂದರೆ ಆ ಮಗು ಮತ್ತೆ ಕೈ ಎತ್ತುವುದಿಲ್ಲ. ಭಯ ನಾಲಿಗೆಯಲ್ಲಿ ಹುಟ್ಟಿದ್ದಲ್ಲ, ಕೇಳುವವರ ನಗುವಿನಲ್ಲಿ ಹುಟ್ಟಿದ್ದು.

ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರು ಇದೇ ಸೀಮೆಯ ಆಡುನುಡಿಯಲ್ಲಿ ‘ಕುಸುಮಬಾಲೆ’ ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಕ್ಕಳಿಗೆ ಈ ಸಂಗತಿ ತಿಳಿಸಬೇಕು. ಮೊದಮೊದಲು ಮನೆಮಾತಿನಲ್ಲೇ ಮಾತಾಡಲು ಬಿಡಬೇಕು. ಧೈರ್ಯ ಬಂದ ಮೇಲೆ ಶಿಷ್ಟ ಕನ್ನಡದ ಉಚ್ಚಾರವನ್ನು ಬೇರೆಯಾಗಿ, ಯಾರೂ ಕೇಳದ ಕಡೆ, ಸಮಾಧಾನವಾಗಿ ಕಲಿಸಬಹುದು.

ಊರ ನಾಟಕದಲ್ಲಿರುವ ಪಾಠ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡುವುದು ಹಳೆಯ ರೂಢಿ. ಹಗಲು ಗದ್ದೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಮಾತು, ಹಾಡು ಕಲಿಯುತ್ತಾರೆ. ಸಭೆಯಲ್ಲಿ ಎಂದೂ ಬಾಯಿಬಿಡದವರೂ ವಾರಗಟ್ಟಲೆ ತಾಲೀಮಿನ ನಂತರ ಊರ ಮುಂದೆ ದುರ್ಯೋಧನನಾಗಿ ಗರ್ಜಿಸುತ್ತಾರೆ. ಮೊದಲು ಮೇಷ್ಟ್ರೊಬ್ಬರ ಎದುರು, ಆಮೇಲೆ ಜೊತೆಯ ಪಾತ್ರಧಾರಿಗಳ ಎದುರು, ತಾಲೀಮು ನೋಡಲು ಬಂದ ನಾಲ್ಕು ಜನರ ಎದುರು, ಕಡೆಗೆ ಊರಿನ ಎದುರು. ಭಯ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಮನೋವಿಜ್ಞಾನ ಹೇಳುವುದೂ ಇದನ್ನೇ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಬಳಿಗೆ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದನ್ನು ದಾಖಲಿಸಿದರು. ಮೊಲವನ್ನು ಒಮ್ಮೆಲೇ ಮಡಿಲಿಗೆ ಹಾಕಲಿಲ್ಲ ಎಂಬುದೇ ಅದರ ತಿರುಳು.

ಐದು ಮೆಟ್ಟಿಲು

1. ಒಬ್ಬರ ಎದುರು: ಅಜ್ಜಿಗೋ ಅವ್ವನಿಗೋ ಶಾಲೆಯಲ್ಲಿ ನಡೆದ ಒಂದು ಸಂಗತಿಯನ್ನು ದಿನವೂ ಹೇಳಲಿ. ಕೇಳುವವರು ಮೊಬೈಲು ಕೆಳಗಿಡಲಿ.
2. ನಾಲ್ಕು ಗೆಳೆಯರ ಎದುರು: ಕೈಯಲ್ಲೊಂದು ವಸ್ತು ಇರಲಿ. ನಂಜನಗೂಡಿನ ರಸಬಾಳೆಯೋ ತಲಕಾಡಿನ ಹಿಡಿ ಮರಳೋ ಸಾಕು. ಕೈಗೆ ಕೆಲಸ ಸಿಕ್ಕರೆ ನಡುಕ ಕಡಿಮೆ. ಎಲ್ಲರ ಕಣ್ಣೂ ವಸ್ತುವಿನ ಕಡೆ ತಿರುಗುತ್ತದೆ.
3. ತರಗತಿಯಲ್ಲಿ: ಕುಳಿತಲ್ಲಿಂದಲೇ ಒಂದು ಪ್ಯಾರಾ ಓದಲಿ. ಮುಂದಿನ ವಾರ ಎದ್ದು ನಿಂತು, ಅದರ ಮುಂದಿನ ವಾರ ಹಲಗೆಯ ಬಳಿ ನಿಂತು ಓದಲಿ.
4. ಬೆಳಗಿನ ಪ್ರಾರ್ಥನೆಯಲ್ಲಿ: ದಿನದ ಸುದ್ದಿಯ ಒಂದೇ ಸಾಲು. ಬೇಕಾದರೆ ಗೆಳತಿಯ ಜೊತೆ ಸೇರಿ.
5. ವೇದಿಕೆಯಲ್ಲಿ: ಎರಡು ನಿಮಿಷ, ತಾನು ಕಣ್ಣಾರೆ ಕಂಡ ವಿಷಯ. ದೊಡ್ಡ ಜಾತ್ರೆಯ ತೇರು ಎಳೆದದ್ದು, ಮಳೆಗಾಲದಲ್ಲಿ ಕಪಿಲೆ ಉಕ್ಕಿದ್ದು, ತಿರುಮಕೂಡಲಿನ ಕುಂಭಮೇಳ ನೋಡಿದ್ದು.

ಒಂದು ಮೆಟ್ಟಿಲು ಸಲೀಸಾದ ಮೇಲೆಯೇ ಇನ್ನೊಂದಕ್ಕೆ ಹೋಗಬೇಕು. ಇಡೀ ಭಾಷಣವನ್ನು ಉರು ಹೊಡೆಸುವುದು ಬೇಡ. ಒಂದು ಪದ ತಪ್ಪಿದರೆ ಪೂರ್ತಿ ಸರಪಳಿ ಕಳಚುತ್ತದೆ. ಮೊದಲ ಸಾಲು, ಕೊನೆಯ ಸಾಲು, ನಡುವೆ ಮೂರು ಅಂಶ ನೆನಪಿದ್ದರೆ ಸಾಕು. ಮಾತು ಶುರುಮಾಡುವ ಮುನ್ನ ಮೂರು ಸಲ ನಿಧಾನವಾಗಿ ಉಸಿರು ಬಿಡುವುದನ್ನು ಅಭ್ಯಾಸ ಮಾಡಿಸಿ.

ಇನ್ನೊಂದು ಸತ್ಯವನ್ನೂ ಹೇಳಿಕೊಡಿ: ಒಳಗಿನ ನಡುಕ ನಾವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ. ಅಮೆರಿಕದ ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮಾತನ್ನು ಮೊದಲೇ ತಿಳಿಸಿದ ಕಾಲೇಜು ವಿದ್ಯಾರ್ಥಿಗಳು ಹೆಚ್ಚು ಚೆನ್ನಾಗಿ ಮಾತಾಡಿದರು.

ಶಾಲೆಯಲ್ಲಿ ಇರುವ ಅವಕಾಶಗಳು

ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಆಶುಭಾಷಣದಂಥ ಸ್ಪರ್ಧೆಗಳಿವೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಇದು ಮೇಲೇರುತ್ತದೆ. ಆದರೆ ಸ್ಪರ್ಧೆ ಗೆಲ್ಲುವವರನ್ನು ಆರಿಸುತ್ತದೆ. ಅಂಜುವ ಮಗುವಿಗೆ ಬೇಕಾದದ್ದು ಸೋಲುಗೆಲುವಿಲ್ಲದ ಸರದಿ. ಪ್ರತಿ ವರ್ಷ ಅದೇ ಚೂಟಿ ಮಗುವನ್ನೇ ಮುಂದೆ ನಿಲ್ಲಿಸುವ ಬದಲು ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಸರದಿ ಕೊಡಬೇಕು.

ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯಕ್ಕೆ ಹಬ್ಬಿದ ನಲಿ-ಕಲಿ, ಮಕ್ಕಳನ್ನು ಗುಂಪಿನಲ್ಲಿ ಕೂರಿಸಿ ಹಾಡು, ಕಥೆ, ಮಾತುಕತೆಯ ಮೂಲಕ ಕಲಿಸುತ್ತದೆ. ಆ ಸಲುಗೆ ಮೇಲಿನ ತರಗತಿಗಳಲ್ಲೂ ಮುಂದುವರಿಯಬೇಕು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯೂ ಒಳ್ಳೆಯ ವೇದಿಕೆ. ‘ನಮ್ಮ ಶಾಲೆಗೆ ಕಾಂಪೌಂಡ್ ಬೇಕು’ ಎನ್ನುವ ಮಗುವಿಗೆ ಭಾಷಣದ ಚಿಂತೆಯಿಲ್ಲ, ಅಗತ್ಯವೇ ಅದನ್ನು ಮಾತಾಡಿಸುತ್ತದೆ.

ದೊಡ್ಡವರು ಮಾಡಬಾರದ್ದು

‘ಒಲೆ ಮುಂದೆ ಉತ್ತರನ ಪೌರುಷ’ ಎಂದು ಹಂಗಿಸಬೇಡಿ. ಅಕ್ಕನ ಜೊತೆ, ಪಕ್ಕದ ಮನೆ ಹುಡುಗನ ಜೊತೆ ಹೋಲಿಸಬೇಡಿ. ನೆಂಟರು ಬಂದಾಗ ಬಲವಂತವಾಗಿ ನಿಲ್ಲಿಸಿ ಪದ್ಯ ಹೇಳಿಸಬೇಡಿ. ಮಾತಿನ ನಡುವೆ ತಿದ್ದಬೇಡಿ. ಮೆಚ್ಚುವಾಗಲೂ ‘ಬಹಳ ಚೆನ್ನಾಗಿತ್ತು’ ಎಂದು ಸುಮ್ಮನಾಗದೆ, ‘ಆ ತೇರಿನ ಹಗ್ಗದ ಮಾತು ನನಗೆ ಹಿಡಿಸಿತು’ ಎಂದು ನಿರ್ದಿಷ್ಟವಾಗಿ ಹೇಳಿ.

ತಜ್ಞರ ನೆರವು ಯಾವಾಗ?

ಮಗು ಮನೆಯಲ್ಲಿ ಮಾತಾಡಿದರೂ ಶಾಲೆಯಲ್ಲಿ ತಿಂಗಳುಗಟ್ಟಲೆ ಯಾರೊಂದಿಗೂ ಬಾಯಿ ಬಿಡದಿದ್ದರೆ, ಭಯದಿಂದ ಶಾಲೆಗೇ ಹೋಗಲು ಒಲ್ಲದಿದ್ದರೆ, ತೊದಲು ಉಳಿದುಕೊಂಡಿದ್ದರೆ ತಡಮಾಡಬಾರದು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಎರಡೂ ತಾಲ್ಲೂಕು ಕೇಂದ್ರಗಳಿಂದ ಒಂದು ಬಸ್ಸಿನ ದಾರಿ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದೆ.

ಕೇಳುವವರಿಗೊಂದು ಮಾತು

ಮಾತಾಡುವ ಮಗುವಿಗಿಂತ ಮೊದಲು ತಾಲೀಮು ಬೇಕಿರುವುದು ಕೇಳುವ ನಮಗೆ. ಮುಂದಿನ ರಾಜ್ಯೋತ್ಸವದ ದಿನ ನಿಮ್ಮೂರ ಶಾಲೆಯಲ್ಲಿ ಒಂದು ಮಗು ಮಾತಿನ ನಡುವೆ ನಿಂತುಬಿಟ್ಟರೆ ನಗಬೇಡಿ, ಹಿಂದಿನಿಂದ ಸಾಲು ಪಿಸುಗುಡಬೇಡಿ, ಸಾಕು ಬಾ ಎಂದು ಕರೆಯಬೇಡಿ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯಿರಿ. ಮಗು ಮುಂದಿನ ಸಾಲು ಹುಡುಕಿಕೊಳ್ಳಲು ಅಷ್ಟು ಸಮಯ ಬೇಕು.